ಕೈಲಾಸದ ದಾರಿ: ಅರಸರ ನಡಿಗೆಯೂ ನಮ್ಮ ಅವಸರವೂ

ಬೇಸಗೆ ಮುಗಿದು ಮಳೆಗಾಲ ಸಮೀಪಿಸಿತೆಂದರೆ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು. ರಾಜಾಜಿನಗರದ ಉದ್ಯಾನದ ಕಲ್ಲುಬೆಂಚಿನ ಮೇಲಾಗಲಿ, ವಿಜಯನಗರದ ತರಕಾರಿಯಂಗಡಿಯ ಮುಂದಾಗಲಿ, ಕೆಂಗೇರಿಯ ಮನೆಯೊಂದರ ಅರಿಸಿನ ಕುಂಕುಮದ ಕೂಟದಲ್ಲಾಗಲಿ, “ಈ ವರುಷ ಕೈಲಾಸಕ್ಕೆ ಹೊರಟವರು ಯಾರು?” ಎಂಬುದೇ ಆ ಮಾತು. ಮಕ್ಕಳು ದುಡಿಯುವಂತಾಗಿ, ಮನೆಯ ಸಾಲ ತೀರಿದ ಗೃಹಸ್ಥರಿಗೆ ಇಂತಹ ಆಸೆ ಹುಟ್ಟುವುದು ಸಹಜವೇ ಸರಿ. ವಿಮಾನ, ಹೆಲಿಕಾಪ್ಟರು, ಬಿಸಿಯೂಟ, ಆಳುಕಾಳು ಎಲ್ಲವನ್ನೂ ಹಣ ತೆತ್ತು ಪಡೆಯಬಹುದಾದ ಈ ಕಾಲದಲ್ಲಿ, ಹಣಕ್ಕೆ ದೊರೆಯದ ವಸ್ತುವೊಂದು ಆ ದಾರಿಯಲ್ಲಿ ಇದೆಯೆಂಬುದನ್ನು ವಾಚಕರಿಗೆ ನೆನಪಿಸುವುದು ಉಚಿತವೆಂದು ಭಾವಿಸಿದ್ದೇವೆ.

ಈ ಯಾತ್ರೆಗೂ ನಮ್ಮ ನಾಡಿಗೂ ಹಳೆಯ ನಂಟುಂಟು. ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1931ರಲ್ಲಿ ಕೈಲಾಸ ಮಾನಸಸರೋವರಗಳ ದರ್ಶನ ಮಾಡಿ ಬಂದರು. ಅವರು ಪಟ್ಟಕ್ಕೆ ಬಂದು ಆಗಲೇ 36 ವರ್ಷಗಳಾಗಿದ್ದುವು. ಆ ಕಾಲದಲ್ಲಿ ಯಾತ್ರಿಕರು ಸಾಮಾನ್ಯವಾಗಿ ಹಿಡಿಯುತ್ತಿದ್ದುದು ಅಲ್ಮೋರದಿಂದ ಲಿಪುಲೇಖ ಘಾಟಿಯನ್ನು ದಾಟುವ, 200 ಮೈಲಿಗೂ ಮೀರಿದ ದಾರಿ. ಅರಮನೆಯ ಬೊಕ್ಕಸ ಎಷ್ಟು ದೊಡ್ಡದಾದರೇನು? ಹಿಮಾಲಯದ ಆ ಕಡಿದಾದ ದಾರಿಗಳಿಗೆ ಮೋಟಾರು ಹತ್ತುತ್ತಿರಲಿಲ್ಲ. ಕಾಲ್ನಡಿಗೆ, ಕುದುರೆ, ಡೋಲಿ, ಹೊರೆಗೆ ಯಾಕು, ಇವಿಷ್ಟೇ ಅರಸನಿಗೂ ಆಳಿಗೂ ಇದ್ದ ಸಾಧನಗಳು. ಪ್ರಯಾಣ ವಾರಗಟ್ಟಲೆ ನಡೆಯುತ್ತಿತ್ತು. ಆ ನಿಧಾನವನ್ನು ಅಂದಿನವರು ಕಷ್ಟವೆಂದೇ ಎಣಿಸಿದ್ದಿರಬೇಕು; ಅದೇ ಅವರಿಗೆ ರಕ್ಷೆಯೂ ಆಗಿತ್ತೆಂಬುದನ್ನು ಇಂದಿನ ವೈದ್ಯಶಾಸ್ತ್ರ ತಿಳಿಸುತ್ತದೆ.

ಆ ಪ್ರದೇಶದ ಸ್ವರೂಪವನ್ನು ಸ್ವಲ್ಪ ನೋಡೋಣ. ಮಾನಸಸರೋವರವು ಸುಮಾರು 15,000 ಅಡಿ ಎತ್ತರದಲ್ಲಿರುವ ಸಿಹಿನೀರಿನ ಸರಸ್ಸು. ಅದರ ಪಕ್ಕದಲ್ಲಿಯೇ ಉಪ್ಪುನೀರಿನ ರಾಕ್ಷಸತಾಲ. ದಕ್ಷಿಣಕ್ಕೆ ಹಿಮನದಿಗಳನ್ನು ಹೊತ್ತ ಗುರ್ಲಾ ಮಾಂಧಾತ. ಉತ್ತರಕ್ಕೆ 6,638 ಮೀಟರು ಎತ್ತರದ ಕೈಲಾಸ. ಸಿಂಧು, ಸಟ್ಲೆಜ್, ಬ್ರಹ್ಮಪುತ್ರ, ಕರ್ನಾಲಿ ಎಂಬ ನಾಲ್ಕು ಮಹಾನದಿಗಳು ಈ ಸೀಮೆಯ ಆಸುಪಾಸಿನಲ್ಲಿಯೇ ಹುಟ್ಟುವುವು. ಪಶ್ಚಿಮದ ತೀರ್ಥಪುರಿಯಲ್ಲಿ ಹಿಮದ ನಾಡಿನ ನಡುವೆಯೇ ನೆಲದೊಳಗಿನಿಂದ ಬಿಸಿನೀರು ಉಕ್ಕುತ್ತದೆ. ಹಿಂದೂಗಳಿಗೆ ಇದು ಶಿವನ ನೆಲೆ. ಜೈನರು ಬಾಹುಬಲಿಯ ತಂದೆಯಾದ ಆದಿನಾಥನು ಮುಕ್ತನಾದ ಅಷ್ಟಾಪದವನ್ನು ಇಲ್ಲಿಯೇ ಗುರುತಿಸುವರು. ಬೌದ್ಧರಿಗೂ ಟಿಬೆಟ್ಟಿನ ಬೋನ್ ಮತದವರಿಗೂ ಇದು ಪೂಜ್ಯ. ಪರ್ವತದ ಪ್ರದಕ್ಷಿಣೆ 52 ಕಿಲೋಮೀಟರು. ಅದರ ಶಿಖರಪ್ರಾಯವಾದ ಡೋಲ್ಮಾ ಘಾಟಿ 18,000 ಅಡಿಗೂ ಮೇಲಿದೆ.

ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಅರ್ಧಕ್ಕೆ ಇಳಿಯುವುದು. ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯು ಅಷ್ಟೇ ಕಡಮೆ. ದೇಹವು ಇದಕ್ಕೆ ಒಗ್ಗಿಕೊಳ್ಳಬಲ್ಲುದು, ಆದರೆ ದಿನಗಳು ಬೇಕು. 3,000 ಮೀಟರಿನ ಮೇಲೆ ಮಲಗುವ ನೆಲೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು ಎಂದು ವೈದ್ಯರು ಹೇಳುವರು. ನಮ್ಮ ಬೆಂಗಳೂರು ಇರುವುದು ಸುಮಾರು 3,000 ಅಡಿಯಲ್ಲಿ. ಖಾಸಗಿ ಯಾತ್ರೆಯವರು ಹಿಡಿಯುವ ನೇಪಾಳದ ದಾರಿಯಲ್ಲಾದರೋ, ಬಯಲುಸೀಮೆಯ ನೇಪಾಳಗಂಜಿನಿಂದ ವಿಮಾನದಲ್ಲಿ ಸಿಮಿಕೋಟಿಗೆ, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಸುಮಾರು 12,000 ಅಡಿಯ ಹಿಲ್ಸಾಕ್ಕೆ ಹಾರಿಬಿಡಬಹುದು. ಅರಸರು ವಾರಗಳಲ್ಲಿ ಏರಿದುದನ್ನು ನಾವು ಗಂಟೆಗಳಲ್ಲಿ ಏರುವೆವು. ದಾರಿಯ ಆಯಾಸ ಉಳಿಯಿತು, ನಿಜ. ಆದರೆ ಶರೀರಕ್ಕೆ ಬೇಕಾದ ಕಾಲವೂ ಅದರೊಡನೆಯೇ ಹೋಯಿತು.

ಬಸವೇಶ್ವರನಗರದ ನಮ್ಮ ಪರಿಚಿತ ದಂಪತಿಗಳ ಅನುಭವವನ್ನು ಇಲ್ಲಿ ಹೇಳಬೇಕು. ಸರೋವರದ ತೀರದಲ್ಲಿ ಮೊದಲನೆಯ ರಾತ್ರಿಯೇ ಆಕೆಗೆ ತಲೆನೋವು, ವಾಂತಿ. “ಇಷ್ಟು ಹಣ ಸುರಿದು ಬಂದಿದ್ದೇವೆ, ನನ್ನಿಂದ ಇವರ ಪ್ರದಕ್ಷಿಣೆ ಕೆಡಬಾರದು” ಎಂದು ಆಕೆ ಯಾರಿಗೂ ಹೇಳದೆ ನುಂಗಿಕೊಂಡರು. ಬೆಳಗ್ಗೆ ಎದ್ದು ನಡೆಯಹೋದಾಗ ಹೆಜ್ಜೆ ತೂಗಾಡಿತು, ಮಾತು ತಡವರಿಸಿತು. ಜೊತೆಯಲ್ಲಿದ್ದ ವೈದ್ಯರು ಕ್ಷಣವೂ ತಡಮಾಡದೆ ಕೆಳಕ್ಕೆ ಇಳಿಸಿದರು; ಪ್ರಾಣ ಉಳಿಯಿತು. ಯಜಮಾನರು ಪ್ರದಕ್ಷಿಣೆಯನ್ನು ಬಿಟ್ಟು ಜೊತೆಗೇ ಇಳಿದರು. “ನನ್ನ ಕೈಲಾಸ ನನ್ನ ಜೊತೆಯಲ್ಲೇ ಹಿಂದಿರುಗಿತು” ಎಂದು ಅವರು ಈಗ ನಗುತ್ತ ಹೇಳುತ್ತಾರೆ. ಆಕೆ ಮಾತ್ರ ನಗುವುದಿಲ್ಲ.

ಪ್ರಕೃತಿಯೂ ಯಾರ ಹಣಕ್ಕೂ ಮಣಿಯುವುದಿಲ್ಲ. 1998ರ ಆಗಸ್ಟಿನಲ್ಲಿ ಲಿಪುಲೇಖದ ದಾರಿಯ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಮಡಿದರು. ಹೆಸರಘಟ್ಟದ ನೃತ್ಯಗ್ರಾಮವನ್ನು ಕಟ್ಟಿದ ಪ್ರೊತಿಮಾ ಬೇಡಿಯವರೂ ಅವರಲ್ಲೊಬ್ಬರು. 2018ರ ಜುಲೈನಲ್ಲಿ ಮಳೆ ಮೋಡಗಳಿಂದ ಹೆಲಿಕಾಪ್ಟರುಗಳು ನಿಂತುಹೋಗಿ, ಸಿಮಿಕೋಟು ಹಿಲ್ಸಾಗಳಲ್ಲಿ ಸಾವಿರಕ್ಕೂ ಮಿಕ್ಕ ಭಾರತೀಯ ಯಾತ್ರಿಕರು ಸಿಕ್ಕಿಬಿದ್ದರು. ಅವರಲ್ಲಿ ಕರ್ನಾಟಕದವರೂ ಬಹುಮಂದಿ ಇದ್ದರು.

ಹಾಗಾದರೆ ಹೋಗಲೇಬಾರದೆ? ಹಾಗೆನ್ನುವುದು ನಮ್ಮ ಅಭಿಪ್ರಾಯವಲ್ಲ. ಬಹುಕಾಲ ಮುಚ್ಚಿದ್ದ ಈ ದಾರಿ 1981ರಲ್ಲಿ ತೆರೆಯಿತು. 2020ರಲ್ಲಿ ಮತ್ತೆ ನಿಂತ ಯಾತ್ರೆ 2025ರಲ್ಲಿ ಪುನಃ ಆರಂಭವಾಯಿತು. ಸರ್ಕಾರದ ಯಾತ್ರೆಯಲ್ಲಿ ದೆಹಲಿಯಲ್ಲೊಮ್ಮೆ, ಮಾರ್ಗಮಧ್ಯದಲ್ಲೊಮ್ಮೆ ದೇಹಪರೀಕ್ಷೆಯುಂಟು. 70 ವರ್ಷ ಮೀರಿದವರಿಗೆ ಪ್ರವೇಶವಿಲ್ಲ. ಖಾಸಗಿಯಾಗಿ ಹೋಗುವವರು ಈ ಕಟ್ಟುಪಾಡುಗಳನ್ನು ತಮಗೆ ತಾವೇ ವಿಧಿಸಿಕೊಳ್ಳಬೇಕು. ಹೃದಯ, ಶ್ವಾಸಕೋಶ, ರಕ್ತದ ಒತ್ತಡಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಿರಿ. ಮಾಗಡಿಯ ರಸ್ತೆ ಹಿಡಿದು ಸಾವನದುರ್ಗವನ್ನು ಹತ್ತಿ ಕಾಲನ್ನು ಹದಗೊಳಿಸಿರಿ. ಆದರೆ ಅದು ಕಾಲಿಗೆ ಮಾತ್ರ ಪಾಠ, ಉಸಿರಿಗಲ್ಲವೆಂದು ತಿಳಿದಿರಿ. ದಾರಿಯಲ್ಲಿ ಎರಡು ಮೂರು ದಿನ ಹೆಚ್ಚಾಗಿ ತಂಗುವ ಏರ್ಪಾಡಿಗಾಗಿ ಹಣ ತೆರುವುದಾದರೆ ತೆರಿರಿ. ಐಷಾರಾಮದಲ್ಲಿ ಅದೇ ಉತ್ತಮವಾದುದು. ಎಲ್ಲಕ್ಕಿಂತ ಮಿಗಿಲಾಗಿ, ತಲೆನೋವನ್ನು ಬಚ್ಚಿಡಬೇಡಿರಿ. ಕುಳಿತಲ್ಲಿಯೇ ಏದುಸಿರು ಬಂದರೆ, ಹೆಜ್ಜೆ ತಪ್ಪಿದರೆ, ಕೂಡಲೇ ಕೆಳಕ್ಕೆ ಇಳಿಯುವುದೇ ಮುಖ್ಯವಾದ ಮದ್ದು.

ಪರ್ವತವು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ವರುಷವೂ ಅದು ಅಲ್ಲಿಯೇ ಇರುವುದು. ಹೋದವರು ಕ್ಷೇಮವಾಗಿ ಮನೆಗೆ ಮರಳಿ, ಬಾಗಿಲಲ್ಲಿ ಕಾದ ಮೊಮ್ಮಕ್ಕಳ ಕೈಗೆ ಪ್ರಸಾದವಿಟ್ಟಾಗಲೇ ಯಾತ್ರೆ ಪೂರ್ಣವಾಯಿತೆಂದು ನಾವು ತಿಳಿಯುವೆವು.