ಬೋರಮಾಳದೊಳಗಿನ ಅರಗು ಮರದ ಮಣಿಗೂ ಸಲ್ಲುತ್ತದೆ

ರೋಣ, ನರಗುಂದ, ಗಜೇಂದ್ರಗಡದ ಪತ್ತಾರರಿಗೆ ಅರಗು ಹೊಸದಲ್ಲ. ಬೋರಮಾಳದ ಪೊಳ್ಳು ಬಂಗಾರದ ಗುಂಡುಗಳು ನೆಗ್ಗದಿರಲೆಂದು ಒಳಗೆ ತುಂಬುವುದು ಅದನ್ನೇ. ಮರದ ಒಡವೆಯ ಮಾತು ಬಂದಾಗ ಮಾತ್ರ ಗಾಜಿನಂತೆ ಹೊಳೆಯುವ ಎಪಾಕ್ಸಿ ಮುಂದೆ ಬರುತ್ತದೆ. ಮೈಗೆ ತಾಗಿ ದಿನವೂ ಸವೆಯುವ ಮರದ ಮಣಿಗೆ, ಬಳೆಗೆ ಮೊದಲು ಯೋಚಿಸಬೇಕಾದ ರಾಳ ಅರಗು ಎಂಬುದು ನನ್ನ ವಾದ. ಅಂಟಿಗೂ ರಾಳಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಹೊಲದ ಬದುವಿನ ಜಾಲಿ ಅಂಟು ನೀರಿಗೆ ಕರಗುತ್ತದೆ, ಬೆವರಿಗೆ ಜಿಗುಟಾಗುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟು ಬಳಸಿ ಚೆಂದದ ಗೊಂಬೆ ಮಾಡುತ್ತಾರೆ. ಆದರೆ ಗೊಂಬೆ ಕೂರುವುದು ಗೂಡಿನಲ್ಲಿ, ಬೆವರುವ ಕೊರಳಲ್ಲಲ್ಲ. ಮುತ್ತಲ, ಬಾರಿ ಗಿಡಗಳ ರಸ ಹೀರುವ ಪುಟ್ಟ ಕೀಟ ಒಸರಿಸುವ ಅರಗು ನೀರಿಗೆ ಕರಗದು, ಬಿಸಿಗೆ ಮೆದುವಾಗುತ್ತದೆ, ಆರಿದರೆ ಮತ್ತೆ ಗಟ್ಟಿ.

ಈ ಗುಣವನ್ನೇ ಚನ್ನಪಟ್ಟಣದವರು ಕಸುಬಾಗಿಸಿಕೊಂಡಿದ್ದಾರೆ. ಲೇತಿನಲ್ಲಿ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಒತ್ತಿ ತೀಡಿದಂತೆ ಪದರ ಸಮನಾಗಿ, ಕನ್ನಡಿಯಂಥ ಹೊಳಪು ಏಳುತ್ತದೆ. ಒಣಗಲು ಕಾಯಬೇಕಿಲ್ಲ. ಇದಕ್ಕಿಂತ ದೊಡ್ಡ ಲಾಭ ದುರಸ್ತಿಯದು: ಚಕ್ಕೆ ಎದ್ದ ಮಣಿಯನ್ನು ಮತ್ತೆ ಲೇತಿಗೆ ಏರಿಸಿ ಅರಗು ಕೊಟ್ಟರೆ ಹಳೆಯದರೊಂದಿಗೆ ಹೊಸದು ಬೆರೆಯುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮರಳಿ ಕರಗದು. ಕೆರೆದೇ ತೆಗೆಯಬೇಕು, ಬಿಸಿಲು ತಾಗುತ್ತ ಹೋದರೆ ಹಳದಿಗೂ ತಿರುಗುತ್ತದೆ. ಲೇತಿಗೆ ಒಗ್ಗದ ಚಪ್ಪಟೆ ಪದಕಕ್ಕೆ ಬೇರೆ ದಾರಿ ಇದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳ್ಳಗೆ ಹಚ್ಚುವ ಪಾಲಿಶ್ ಬಡಗಿಗಳಿಗೆ ಗೊತ್ತಿರುವುದೇ.

ಅರಗಿನ ಮನೆಯ ಕಥೆ ಕೇಳಿ ಬೆಳೆದವರು ನಮ್ಮ ಕಡೆಯ ಬೇಸಿಗೆಗೆ ಇದು ತಡೆದೀತೇ ಎಂದು ಕೇಳಬಹುದು. ಬಿಸಿಲು 40 ಡಿಗ್ರಿ ಮುಟ್ಟಿದರೂ ಅರಗು ಮೆದುವಾಗುವುದು ಸುಮಾರು 65ರಿಂದ 70 ಡಿಗ್ರಿಗೆ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಇಡದಿದ್ದರೆ ಸಾಕು. ಕೋಣೆಯ ಕಾವಿನಲ್ಲೇ ಗಟ್ಟಿಯಾಗುವ ಎಷ್ಟೋ ಎಪಾಕ್ಸಿಗಳೂ 60 ಡಿಗ್ರಿಯ ಆಸುಪಾಸಿನಲ್ಲಿ ಬಿಗಿ ಕಳೆದುಕೊಳ್ಳುತ್ತವೆ. ನಿಜವಾಗಿ ತೂಕವಿರುವ ಆಕ್ಷೇಪ ಬೇರೆ: ಅರಗು ಸ್ಪಿರಿಟ್‌ಗೆ ಕರಗುತ್ತದೆ, ಸಾಬೂನು, ಸೋಡಾಗಳಂಥ ಕ್ಷಾರಕ್ಕೂ ಮಂಕಾಗುತ್ತದೆ. ಸರ, ಓಲೆಗಳಿಗೆ ಇದು ಅಡ್ಡಿಯಲ್ಲ. ಅತ್ತರು ಆರಿದ ಮೇಲೆ ತೊಟ್ಟು, ಮೀಯುವಾಗ ತೆಗೆದಿಟ್ಟರಾಯಿತು. ಪಾತ್ರೆ ತೊಳೆಯುವ, ಸ್ಯಾನಿಟೈಸರ್ ಮುಟ್ಟುವ ಬೆರಳಿನ ಉಂಗುರಕ್ಕೆ ಮಾತ್ರ ಅರಗು ಬೇಡವೇ ಬೇಡ.

ಅಲ್ಲಿ ಎಪಾಕ್ಸಿಯೇ ವಾಸಿ. ಸೀಳು ಬಿಟ್ಟ ಬೇವಿನ ತುಂಡನ್ನು ತುಂಬಲು, ಒಣಹೂವನ್ನು ಪಾರದರ್ಶಕವಾಗಿ ಹಿಡಿದಿಡಲು ಕೂಡ ಅದೇ ಬೇಕು. ಎಪಾಕ್ಸಿ ಪೂರ್ತಿ ಗಟ್ಟಿಯಾದರೆ ಚರ್ಮಕ್ಕೆ ತೊಂದರೆಯಿಲ್ಲ ಎನ್ನುವವರ ಮಾತು ಬಹುಮಟ್ಟಿಗೆ ಸರಿ, ಆದರೆ ಆ ಮಾತು ತೊಡುವವರಿಗೆ ಸಲ್ಲುತ್ತದೆ, ಮಾಡುವವರಿಗಲ್ಲ. ಹಸಿ ರಾಳ, ಗಟ್ಟಿಗೊಳಿಸುವ ದ್ರವ ಮತ್ತೆಮತ್ತೆ ಕೈಗೆ ತಾಗಿದರೆ ಅಲರ್ಜಿ ಹತ್ತಬಹುದು. ಹತ್ತಿದ ಮೇಲೆ ಅದು ಸಾಮಾನ್ಯವಾಗಿ ಬಿಡುವುದಿಲ್ಲ. ಮನೆಯ ಪಡಸಾಲೆಯಲ್ಲೇ ಕೆಲಸ ಮಾಡುವ ಹೆಣ್ಣುಮಕ್ಕಳು ಕಿಟಕಿ ತೆರೆದಿಟ್ಟು, ಕೈಗವಸು ತೊಟ್ಟು, ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಎರಡನ್ನೂ ಬೆರೆಸಬೇಕು. ಪೂರ್ತಿ ಗಟ್ಟಿಯಾಗುವ ತನಕ ಅದನ್ನು ಉಜ್ಜಲು ಹೋಗಬಾರದು.