ರೀಟ್ರೈ ಒತ್ತೋ ಮುಂಚೆ ಮೂರು ಪ್ರಶ್ನೆ

ಕಳೆದ ರಜೆಯಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಅವರಿಗೆ 14 ಕ್ಲೈಂಟ್‌ಗಳು, ಎಲ್ಲವೂ ಟ್ಯೂಷನ್ ಸೆಂಟರ್‌ಗಳು. ಪ್ರತಿಯೊಬ್ಬರಿಗೂ ಬೇರೆ ಕ್ಲೌಡ್ ಅಕೌಂಟ್, ಬೇರೆ ಸರ್ವರ್. ನನಗೆ ಕೊಟ್ಟ ಕೆಲಸ ಸುಲಭದ್ದು. ಎಲ್ಲ ಸರ್ವರ್‌ಗಳ ಕ್ರಾನ್ ಫೈಲ್‌ಗೆ ಒಂದು ಸಾಲು ಸೇರಿಸಬೇಕು, ಆಗ ಫೀಸ್ ಬಾಕಿ ಇರುವವರಿಗೆ ಬೆಳಗ್ಗೆ 9 ಗಂಟೆಗೆ ಎಸ್‌ಎಂಎಸ್ ಹೋಗುತ್ತೆ.

ಸ್ಕ್ರಿಪ್ಟ್ ಓಡಿಸಿದೆ. 11 ಅಕೌಂಟ್ ಪಾಸ್, 3 ಫೇಲ್. ನಾನೇನು ಮಾಡಿದೆ ಗೊತ್ತಾ? ಅಪ್ ಆ್ಯರೋ ಒತ್ತಿ ಎಂಟರ್ ಹೊಡೆದೆ. ಈ ಸಲ 13 ಪಾಸ್. ಖುಷಿಯಿಂದ ಮನೆಗೆ ಹೋದೆ.

ಮರುದಿನ ಬೆಳಗ್ಗೆ 12 ಸೆಂಟರ್‌ಗಳ ಪೋಷಕರಿಗೆ ‘ಫೀಸ್ ಬಾಕಿ ಇದೆ’ ಅಂತ ಎರಡೆರಡು ಮೆಸೇಜ್ ಹೋಗಿತ್ತು. ನಮಗೆ ಅದು ಬಗ್. ಆದರೆ ದುಡ್ಡು ಹೊಂದಿಸೋಕೆ ಒದ್ದಾಡ್ತಾ ಇರೋ ಮನೆಯವರಿಗೆ ಅದು ಅವಮಾನ. ಆಮೇಲೆ ಕೂತು ಯೋಚಿಸಿದಾಗ ಅನಿಸಿದ್ದು, ರೀಟ್ರೈ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೋಬೇಕಿತ್ತು ಅಂತ.

ಮೊದಲನೆಯದು, ಯಾವುದು ಫೇಲ್ ಆಯ್ತು? ನಾನು ಪಾಸ್ ಆದ 11ರ ಮೇಲೂ ಮತ್ತೆ ಓಡಿಸಿದ್ದೆ. ಪ್ರತಿ ಅಕೌಂಟ್‌ನ ಸ್ಥಿತಿಯನ್ನು ಬರೆದಿಟ್ಟುಕೊಂಡು, ಫೇಲ್ ಆದವಕ್ಕೆ ಮಾತ್ರ ಓಡಿಸಬೇಕು. ಇದಕ್ಕೆಂದೇ ಅಮೆಜಾನ್ 2017ರಲ್ಲಿ ಕ್ಲೌಡ್‌ಫಾರ್ಮೇಶನ್ ಸ್ಟ್ಯಾಕ್‌ಸೆಟ್ಸ್ ಅನ್ನೋ ಸೌಲಭ್ಯ ತಂದಿತು. ಒಂದೇ ಟೆಂಪ್ಲೇಟ್ ಅನ್ನು ಹಲವು ಅಕೌಂಟ್‌ಗಳಿಗೆ ಅದು ಕಳಿಸುತ್ತೆ. ಸರಿಯಾಗಿ ತಲುಪಿದ್ದು ‘ಕರೆಂಟ್’, ತಲುಪದೇ ಇದ್ದದ್ದು ‘ಔಟ್‌ಡೇಟೆಡ್’ ಅಂತ ತೋರಿಸುತ್ತೆ. ಒಂದು ರೀಜನ್‌ನಲ್ಲಿ ಎಷ್ಟು ಅಕೌಂಟ್ ಫೇಲ್ ಆದರೆ ಕೆಲಸ ನಿಲ್ಲಿಸಬೇಕು ಅಂತಲೂ ಮೊದಲೇ ಹೇಳಬಹುದು. ಟೆಂಪ್ಲೇಟೇ ತಪ್ಪಿದ್ದರೆ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ಕೆಡೋದು ಇದರಿಂದ ತಪ್ಪುತ್ತೆ.

ಎರಡನೆಯದು, ಯಾಕೆ ಫೇಲ್ ಆಯ್ತು? ನನ್ನ ಮೂರರಲ್ಲಿ ಎರಡು ಟೈಮ್‌ಔಟ್, ಒಂದು ‘ಪರ್ಮಿಷನ್ ಡಿನೈಡ್’. ನೆಟ್‌ವರ್ಕ್ ತೊಂದರೆ ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ, ಅಲ್ಲಿ ರೀಟ್ರೈ ಉಪಯೋಗಕ್ಕೆ ಬರುತ್ತೆ. ಪರ್ಮಿಷನ್ ಇಲ್ಲದಿದ್ದರೆ ನೂರು ಸಲ ಒತ್ತಿದರೂ ಅದೇ ಉತ್ತರ. ಯಾರಾದರೂ ಪರ್ಮಿಷನ್ ಕೊಡಲೇಬೇಕು. ಎಸ್3 ಬಕೆಟ್ ಹೆಸರು ಬೇರೆಯವರು ಆಗಲೇ ತಗೊಂಡಿದ್ದರೂ ಇದೇ ಕಥೆ.

ರೀಟ್ರೈ ಮಾಡುವಾಗಲೂ ತಕ್ಷಣ ಒತ್ತಬಾರದು. 1 ಸೆಕೆಂಡ್, ಆಮೇಲೆ 2, 4, 8 ಹೀಗೆ ಕಾಯುತ್ತಾ ಹೋಗಬೇಕು. ಇದಕ್ಕೆ ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್ ಅಂತಾರೆ. ಎಲ್ಲ ಅಕೌಂಟ್‌ಗಳೂ ಒಂದೇ ಕ್ಷಣಕ್ಕೆ ಮತ್ತೆ ಮುಗಿಬೀಳದ ಹಾಗೆ ಈ ಸಮಯಕ್ಕೆ ಸ್ವಲ್ಪ ರ‍್ಯಾಂಡಮ್ ಸೇರಿಸ್ತಾರೆ, ಅದು ಜಿಟರ್. ಹಳೇ ಈಥರ್‌ನೆಟ್‌ನಲ್ಲೂ ಇದೇ ಉಪಾಯ. ಡಿಕ್ಕಿಯಾದಾಗ ರ‍್ಯಾಂಡಮ್ ಆಗಿ ಕಾಯುತ್ತೆ, 16 ಪ್ರಯತ್ನ ಆದರೆ ಕೈಬಿಡುತ್ತೆ. ಕೈಬಿಡೋದಕ್ಕೂ ಒಂದು ಲೆಕ್ಕ ಇರಬೇಕು.

ಮೂರನೆಯದೇ ಮುಖ್ಯವಾದದ್ದು. ಎರಡು ಸಲ ಆದರೆ ಏನಾಗುತ್ತೆ? 11 ಸೆಂಟರ್ ಅಂದಮೇಲೆ 12ಕ್ಕೆ ಹೇಗೆ ಎರಡು ಮೆಸೇಜ್ ಹೋಯ್ತು ಅಂತ ನಿಮಗೂ ಅನಿಸಿರಬಹುದು. ಟೈಮ್‌ಔಟ್ ಆದ ಒಂದು ಸರ್ವರ್‌ನಲ್ಲಿ ಸಾಲು ಮೊದಲ ಸಲವೇ ಸೇರಿತ್ತು, ‘ಆಯ್ತು’ ಅನ್ನೋ ಉತ್ತರ ಮಾತ್ರ ನನಗೆ ತಲುಪಿರಲಿಲ್ಲ. ಅಂದರೆ ಫೇಲ್ ಆದವಕ್ಕೆ ಮಾತ್ರ ಓಡಿಸಿದ್ದರೂ ಅಲ್ಲಿ ತಪ್ಪಾಗುತ್ತಿತ್ತು.

‘ಸಾರಿಗೆ ಒಂದು ಚಮಚ ಉಪ್ಪು ಹಾಕು’ ಅಂತ ಎರಡು ಸಲ ಹೇಳಿದರೆ ಸಾರು ಕೆಡುತ್ತೆ. ‘ಲೈಟ್ ಆನ್ ಇರಲಿ’ ಅಂತ ಹತ್ತು ಸಲ ಹೇಳಿದರೂ ಲೈಟ್ ಆನ್ ಆಗಿಯೇ ಇರುತ್ತೆ. ಎರಡನೇ ಗುಣಕ್ಕೆ ಐಡೆಂಪೊಟೆನ್ಸ್ ಅಂತ ಹೆಸರು. ನನ್ನ ಸ್ಕ್ರಿಪ್ಟ್ ಉಪ್ಪು ಹಾಕುವಂಥದ್ದು: ಫೈಲ್‌ನ ಕೊನೆಗೆ ಸಾಲು ಸೇರಿಸುತ್ತಾ ಹೋಗುತ್ತಿತ್ತು. ಈಗ ಅದನ್ನು ಬದಲಾಯಿಸಿದ್ದೇನೆ. ಈ ಕೆಲಸಕ್ಕೇ ಒಂದು ಬೇರೆ ಕ್ರಾನ್ ಫೈಲ್, ಪ್ರತಿ ಸಲ ಇಡೀ ಫೈಲನ್ನೇ ಹೊಸದಾಗಿ ಬರೆಯುತ್ತೆ. ಎಷ್ಟು ಸಲ ಓಡಿಸಿದರೂ ಒಂದೇ ಸಾಲು.

ನೀವೂ ಇಂಥ ಸ್ಕ್ರಿಪ್ಟ್ ಬರೆದರೆ ಮೊದಲು ಒಂದು ಟೆಸ್ಟ್ ಅಕೌಂಟ್‌ನಲ್ಲಿ ಬೇಕಂತಲೇ ಎರಡು ಸಲ ಓಡಿಸಿ ನೋಡಿ. ಎರಡನೇ ಸಲ ಏನೂ ಬದಲಾಗದಿದ್ದರೆ ಮಾತ್ರ ಕ್ಲೈಂಟ್ ಹತ್ತಿರ ಹೋಗಿ. ನಾನು ಅದನ್ನು ಮಾಡಿದ್ದರೆ ಆ ಬೆಳಗ್ಗೆ 12 ಸೆಂಟರ್‌ಗಳಿಗೆ ಫೋನ್ ಮಾಡಿ ಸಾರಿ ಕೇಳಬೇಕಿರಲಿಲ್ಲ.