ಮನಸ್ಸಿನ ಕಳವಳ ಮತ್ತು ಉಸಿರಿನ ಗಮನ

ದಂಪತಿಗಳೇ,

ಶೇಂಗಾ ಬಿತ್ತಿದ ಮೇಲೆ ಮಳೆ ಹಿಂದೆಗೆದರೆ ಯಾರಿಗೆ ತಾನೇ ನಿದ್ರೆ ಬಂದೀತು? ಕೊಳವೆಬಾವಿ ಬತ್ತಿದೆ, ಸಾಲದ ಕಂತು ಎದುರಿಗಿದೆ. ಮದುವೆಯಾಗಿ ಎರಡು ವರ್ಷವಾಯಿತು, ಮನೆಯಲ್ಲಿ ತೊಟ್ಟಿಲು ತೂಗಲಿಲ್ಲವೇಕೆಂದು ನೆಂಟರು ಕೇಳುತ್ತಾರೆ. ಪದವಿ ಪಡೆದು ಬಂದ ತಮ್ಮನಿಗೆ ಕೆಲಸ ದೊರೆತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಹರೆಯದವರನ್ನು ಕಾಡುವ ಚಿಂತೆಗಳು ಇಂತಹವು. ಚಿಂತೆ ಸಹಜವಾದುದು. ಆದರೆ ಅದು ದಿನವೂ ಎದೆಬಡಿತವನ್ನು ಹೆಚ್ಚಿಸಿ, ನಿದ್ರೆಯನ್ನು ಕೆಡಿಸಿ, ಗಂಡಹೆಂಡಿರ ಮಾತನ್ನು ಕಹಿಮಾಡತೊಡಗಿದರೆ ಅದರ ಕಡೆ ಗಮನ ಕೊಡುವುದು ಅವಶ್ಯಕ.

ಆತಂಕವೆಂದರೇನು?

ಹೊಲದ ಬದುವಿನಲ್ಲಿ ಹಾವನ್ನು ಕಂಡೊಡನೆ ಎದೆ ಬಡಿದುಕೊಳ್ಳುತ್ತದೆ, ಮೈ ಬೆವರುತ್ತದೆ, ಉಸಿರು ಮೇಲಕ್ಕೇರುತ್ತದೆ. ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ ದೇಹವನ್ನು ಓಡಲು ಅಥವಾ ಎದುರಿಸಲು ಸಿದ್ಧಗೊಳಿಸುತ್ತದೆ. ಇದು ಪ್ರಾಣರಕ್ಷಣೆಗಾಗಿ ಇರುವ ಏರ್ಪಾಡು. ಹಾವು ಬಿಲ ಸೇರಿದ ಮೇಲೆ ದೇಹವೂ ಶಾಂತವಾಗುತ್ತದೆ. ಆದರೆ ನಾಳೆಯ ಚಿಂತೆಗೆ ಸೇರಿಕೊಳ್ಳಲು ಬಿಲವಿಲ್ಲ. ಆದುದರಿಂದ ದೇಹವು ಹಗಲಿರುಳೂ ಎದ್ದು ನಿಂತಂತೆಯೇ ಇರುತ್ತದೆ. ಇದೇ ಆತಂಕ. ಇದು ಗಾಳಿ ಸೋಕಿದ್ದಲ್ಲ, ಹೇಡಿತನವಲ್ಲ, ಪೂರ್ವಜನ್ಮದ ಪಾಪವೂ ಅಲ್ಲ.

ಅಭ್ಯಾಸದ ಕ್ರಮ

೧. ದಿನಕ್ಕೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿರಿ. ಬೆಳಗಿನ ಕೆಲಸಕ್ಕೆ ಮೊದಲು ಅಥವಾ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಅನುಕೂಲ.

೨. ಚಾಪೆಯ ಮೇಲಾಗಲಿ, ಜಗಲಿಯ ಮೇಲಾಗಲಿ ಬೆನ್ನನ್ನು ನೆಟ್ಟಗಿರಿಸಿ ಆರಾಮವಾಗಿ ಕುಳಿತುಕೊಳ್ಳಿರಿ. ಗರ್ಭಿಣಿಯರು ಗೋಡೆಗೆ ಒರಗಿ ಕುಳಿತುಕೊಳ್ಳಬಹುದು.

೩. ಉಸಿರು ಮೂಗಿನಲ್ಲಿ ಒಳಹೋಗುವುದನ್ನೂ ಹೊರಬರುವುದನ್ನೂ ಸುಮ್ಮನೆ ಗಮನಿಸಿರಿ. ಉಸಿರನ್ನು ಬಿಗಿಹಿಡಿಯಬಾರದು. ಹೊರಬಿಡುವ ಉಸಿರು ಮಾತ್ರ ನಿಧಾನವಾಗಿರಲಿ, ಏಕೆಂದರೆ ಉಸಿರು ಹೊರಹೋಗುವಾಗ ಹೃದಯದ ಬಡಿತವೂ ತುಸು ನಿಧಾನವಾಗುತ್ತದೆ.

೪. ಸ್ವಲ್ಪ ಹೊತ್ತಿನಲ್ಲೇ ಮನಸ್ಸು ಸಾಲದ ಕಡೆಗೋ ಜಗಳದ ಕಡೆಗೋ ಓಡುತ್ತದೆ. ಕುಂಟೆ ಹೊಡೆಯುವಾಗ ಎತ್ತು ಸಾಲು ಬಿಟ್ಟು ಪಕ್ಕದ ಪೈರಿಗೆ ಬಾಯಿ ಹಾಕಿದರೆ ನೀವೇನು ಮಾಡುವಿರಿ? ಹಗ್ಗ ಎಳೆದು ಮತ್ತೆ ಸಾಲಿಗೆ ತರುವಿರಿ. ಮನಸ್ಸನ್ನೂ ಹಾಗೆಯೇ ಬೈಯದೆ, ಬೇಸರಿಸದೆ ಉಸಿರಿನ ಕಡೆಗೆ ಮರಳಿ ತನ್ನಿರಿ. ನೂರು ಸಲ ಓಡಿದರೆ ನೂರು ಸಲವೂ ತನ್ನಿರಿ. ಅಭ್ಯಾಸವೆಂದರೆ ಇದೇ.

೫. ಕಣ್ಣು ಮುಚ್ಚಿದಾಗ ಭಯ ಹೆಚ್ಚಾದರೆ ಕಣ್ಣು ತೆರೆದು ಎದ್ದುಬಿಡಿರಿ. ನಡೆಯುತ್ತಾ ಪಾದ ನೆಲಕ್ಕೆ ತಾಗುವುದನ್ನು ಗಮನಿಸಿದರೂ ಸಾಕು.

ಇದು ಹೊಸ ವಿಷಯವಲ್ಲ. ಉಸಿರನ್ನು ಗಮನಿಸುವ ಈ ಕ್ರಮವನ್ನು ಬೌದ್ಧ ಭಿಕ್ಷುಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಅಭ್ಯಾಸ ಮಾಡುತ್ತಾ ಬಂದಿದ್ದಾರೆ. ೧೯೭೯ರಲ್ಲಿ ಅಮೆರಿಕಾದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್ ಜಿನ್ ಎಂಬುವರು ಇದನ್ನು ಎಂಟು ವಾರಗಳ ಶಿಕ್ಷಣವನ್ನಾಗಿ ರೂಪಿಸಿ ರೋಗಿಗಳಿಗೆ ಕಲಿಸಿದರು. ೨೦೨೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆತಂಕದ ಕಾಯಿಲೆಯುಳ್ಳವರಿಗೆ ಈ ಶಿಕ್ಷಣವು ಎಸ್ಸಿಟಲೋಪ್ರಾಮ್ ಎಂಬ ಗುಳಿಗೆಗೆ ಕಡಿಮೆಯಿಲ್ಲದಷ್ಟು ಫಲ ಕೊಟ್ಟಿತು. ಹಾಗೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸತಕ್ಕದ್ದಲ್ಲ.

ಒಬ್ಬರಿಗೊಬ್ಬರು ಆಸರೆ

ಹೆಂಡತಿ ಕಳವಳಗೊಂಡಾಗ "ಸುಮ್ಮನೆ ಏನೇನೋ ಯೋಚಿಸಬೇಡ" ಎಂದು ಗದರಿಸಬೇಡಿರಿ. ಗಂಡ ಮೌನವಾದಾಗ ಅದನ್ನು ಕೋಪವೆಂದು ತಿಳಿಯಬೇಡಿರಿ. ಇಬ್ಬರೂ ಜೊತೆಯಲ್ಲಿ ಕುಳಿತು ಹತ್ತು ನಿಮಿಷ ಉಸಿರನ್ನು ಗಮನಿಸಿ, ಆಮೇಲೆ ಲೆಕ್ಕದ ಮಾತನ್ನಾಡಿರಿ. ಉಸಿರಿನ ಗಮನದಿಂದ ಸಾಲ ತೀರುವುದಿಲ್ಲ, ಬಾವಿಗೆ ನೀರೂ ಬರುವುದಿಲ್ಲ. ಆದರೆ ಇಂದು ಮಾಡಬೇಕಾದ ಒಂದು ಕೆಲಸ ಯಾವುದೆಂದು ಕಾಣುವಷ್ಟು ಮನಸ್ಸು ತಿಳಿಯಾಗುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ವಾರ ಕಳೆದರೂ ನಿದ್ರೆ, ಊಟ, ಕೆಲಸ ಸರಿಹೋಗದಿದ್ದರೆ, ನಿದ್ರೆಗಾಗಿ ಹೆಂಡ ಕುಡಿಯುವಂತಾದರೆ, ಬಾಣಂತಿಯು ಸದಾ ಅಳುತ್ತಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಯಾರ ಬಾಯಿಂದ ಬಂದರೂ ಹಗುರವಾಗಿ ಎಣಿಸಬೇಡಿರಿ. ಅವರನ್ನು ಒಬ್ಬರೇ ಬಿಡಬಾರದು. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗಿಡಿರಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿತು. ಅದೇ ಮಾದರಿಯ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಬೆಳೆಯಿತು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ ೧೪೪೧೬. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ನಡುವಿನ ಆ ವರ್ಷಗಳಲ್ಲಿಯೂ ನಮ್ಮ ಹಿರಿಯರು ಕಾಲಕಾಲಕ್ಕೆ ಹೊಲ ಹಸನು ಮಾಡಿದರು, ಬೀಜ ಬಿತ್ತಿದರು, ಮಕ್ಕಳನ್ನು ಸಾಕಿದರು. ಮಳೆ ನಮ್ಮ ಕೈಯಲ್ಲಿಲ್ಲ. ಇಂದಿನ ದಿನ ಮತ್ತು ಈಗಿನ ಒಂದು ಉಸಿರು ನಮ್ಮ ಬಳಿಯಲ್ಲಿವೆ. ಈ ರಾತ್ರಿಯೇ ಇಬ್ಬರೂ ಕುಳಿತು ಆರಂಭಿಸಿರಿ.